ಕಾಯುವ ಮಗುವಿಗೆ ಗಡಿ ಯಾವುದು?

ದತ್ತು ಎಂದೊಡನೆ ನಮಗೆ ನೆನಪಾಗುವುದು ಮಕ್ಕಳಿಲ್ಲದ ದಂಪತಿಗಳ ಹಂಬಲ. ಮನೆಗಾಗಿ ಕಾಯುವ ಮಗುವನ್ನು ನಾವು ಆಮೇಲೆ ನೆನೆಯುತ್ತೇವೆ. ಮಗುವಿನ ಕಡೆಯಿಂದ ನೋಡಲು ಬ್ರಿಟನ್ನಿನ ವೇಲ್ಸ್ ನಾಡು ಕಲಿತ ಪಾಠವೊಂದನ್ನು ಇಂದು ಮನನ ಮಾಡೋಣ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದತ್ತಿಗೆ ಕಾನೂನಿನ ಮನ್ನಣೆ ದೊರೆತದ್ದು 1926ರ ಕಾಯಿದೆಯಿಂದ. ಮೊದಮೊದಲು ಕ್ರೈಸ್ತಸಭೆಗಳ ಹಾಗೂ ಇತರ ಸ್ವಯಂಸೇವಾ ಸಂಘಗಳು ಈ ಕೆಲಸಕ್ಕೆ ಹೆಗಲು ಕೊಟ್ಟವು. ನಮ್ಮ ಜಿಲ್ಲಾ ಪಂಚಾಯಿತಿ, ನಗರಸಭೆಗಳಂತೆ ಅಲ್ಲಿ ಕೌನ್ಸಿಲ್‌ಗಳಿವೆ. ಆಸರೆಯಿಲ್ಲದ ಮಕ್ಕಳ ಹೊಣೆಯನ್ನು 1948ರ ಕಾಯಿದೆ ಅವುಗಳಿಗೆ ವಹಿಸಿತು. ದತ್ತು ಏರ್ಪಡಿಸುವ ಸ್ಪಷ್ಟ ಅಧಿಕಾರವನ್ನು 1958ರ ಕಾಯಿದೆ ಕೊಟ್ಟಿತು.

ಆದರೆ ಪ್ರತಿಯೊಂದು ಕೌನ್ಸಿಲ್ ತನ್ನ ಗಡಿಯೊಳಗೇ ಹುಡುಕಿದರೆ ಏನಾಗುತ್ತದೆ? ಆಂಗಲ್ಸೀ ದ್ವೀಪದ ಜನಸಂಖ್ಯೆ ಸುಮಾರು 70 ಸಾವಿರ ಮಾತ್ರ. ಅಷ್ಟು ಚಿಕ್ಕ ಜಾಗದಲ್ಲಿ ಅಣ್ಣತಂಗಿಯರನ್ನು ಅಗಲಿಸದೆ ಒಟ್ಟಿಗೆ ಸ್ವೀಕರಿಸುವ, ಮಗುವಿನ ವೆಲ್ಷ್ ಭಾಷೆಯನ್ನೇ ಆಡುವ ಕುಟುಂಬ ಸಿಗುವುದು ಸುಲಭವಲ್ಲ. ಕೆಲವು ಮಕ್ಕಳ ಸುರಕ್ಷತೆಗಾಗಿ ಹುಟ್ಟಿದ ಊರಿನಿಂದ ದೂರದ ಮನೆಯೇ ಬೇಕಾಗುತ್ತದೆ. ಇತ್ತ ಮಗು ಕಾಯುತ್ತಿದ್ದಾಗ, ಅತ್ತ ನೆರೆಯ ಕೌನ್ಸಿಲ್‌ನ ಪಟ್ಟಿಯಲ್ಲಿ ತಕ್ಕ ಕುಟುಂಬವೂ ಕಾಯುತ್ತಿರಬಹುದು.

ಅದಕ್ಕಾಗಿ 2010ರಲ್ಲಿ ರೆಕ್ಸಂ, ಫ್ಲಿಂಟ್‌ಷೈರ್, ಡೆನ್‌ಬಿಷೈರ್, ಕಾನ್ವಿ, ಗ್ವಿನೆಡ್ ಹಾಗೂ ಆಂಗಲ್ಸೀ ಎಂಬ ಆರು ಕೌನ್ಸಿಲ್‌ಗಳು ಕೈಜೋಡಿಸಿ ಉತ್ತರ ವೇಲ್ಸ್ ದತ್ತು ಸೇವೆಯನ್ನು ಕಟ್ಟಿದವು. 2014ರಲ್ಲಿ ವೇಲ್ಸ್‌ನ ಎಲ್ಲ 22 ಕೌನ್ಸಿಲ್‌ಗಳೂ ಐದು ವಲಯಗಳಾಗಿ ರಾಷ್ಟ್ರೀಯ ದತ್ತು ಸೇವೆಯಲ್ಲಿ ಒಂದಾದವು. ಸ್ವಯಂಸೇವಾ ಸಂಘಗಳೂ ಜೊತೆಗೂಡಿದವು. ಇಂಗ್ಲೆಂಡಿನಲ್ಲೂ 2017ರಲ್ಲಿ ಲೀಡ್ಸ್, ಬ್ರಾಡ್‌ಫರ್ಡ್ ಸೇರಿದಂತೆ ಪಶ್ಚಿಮ ಯಾರ್ಕ್‌ಷೈರಿನ ಐದು ಕೌನ್ಸಿಲ್‌ಗಳು ಹೀಗೆಯೇ ಒಂದುಗೂಡಿದವು.

ಈ ಏರ್ಪಾಡಿನಲ್ಲಿ ಮಗುವಿನ ಹೊಣೆ ಅದರ ಕೌನ್ಸಿಲ್‌ನದೇ. ಕುಟುಂಬಗಳನ್ನು ಆಹ್ವಾನಿಸುವುದು, ಅವರ ಮನೆ ಮನಸ್ಸುಗಳನ್ನು ಪರಿಶೀಲಿಸುವುದು, ಮಗುವಿಗೆ ತಕ್ಕವರನ್ನು ಹೊಂದಿಸುವುದು, ದತ್ತಾದ ಮೇಲೂ ಬೆಂಬಲಕ್ಕೆ ನಿಲ್ಲುವುದು ಕೂಡು ಸೇವೆಯ ಕೆಲಸ.

ಹಾಗೆಂದು ಕಚೇರಿಗಳು ಕೂಡಿದ ಮಾತ್ರಕ್ಕೆ ಹೊಸ ತಂದೆತಾಯಿ ಹುಟ್ಟಿಬರುವುದಿಲ್ಲ. ಸ್ವಲ್ಪ ದೊಡ್ಡವರಾದ ಮಕ್ಕಳು, ಒಡಹುಟ್ಟಿದವರ ಜೊತೆಗಿರುವವರು, ಅಂಗವಿಕಲರು ಇಂದಿಗೂ ಹೆಚ್ಚು ಕಾಲ ಕಾಯುತ್ತಾರೆ. ದೊಡ್ಡವರಿಗೆ ಒಂದು ವರ್ಷವೆಂದರೆ ಕಡತದ ಕೆಲವು ಪುಟ; ಎರಡು ವರ್ಷದ ಕೂಸಿಗೆ ಅದು ಅರ್ಧ ಆಯುಸ್ಸು. ಆದ್ದರಿಂದ ಪ್ರಿಯರೇ, ಅನಾಥ ಮಗುವೊಂದು ನಮ್ಮ ಗಮನಕ್ಕೆ ಬಂದಾಗ 'ಇದು ಯಾರ ಸರಹದ್ದು?' ಎಂದು ಕೇಳುವುದನ್ನು ಬಿಟ್ಟು, 'ಈ ಮಗು ಎಷ್ಟು ದಿನದಿಂದ ಕಾಯುತ್ತಿದೆ?' ಎಂದು ಕೇಳಲು ಕಲಿಯೋಣ.