ಗಂಜೀಫಾ ಆಡಿದವರು

ಮೈಸೂರಿನ ಗಂಜೀಫಾ ಎಂದೊಡನೆ ಮನಸ್ಸಿಗೆ ಬರುವುದು ಚಿತ್ರ. ಅಂಗೈಗಿಂತ ಕಿರಿದಾದ ದುಂಡನೆಯ ಎಲೆ, ಅದರ ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಮೂಡಿದ ದೇವತೆ, ಅಂಚಿಗೊಂದು ಬಣ್ಣದ ಬಳೆ. ಈ ಎಲೆಗಳ ಚೆಲುವನ್ನು ಕುರಿತು ಕಲಾವಿಮರ್ಶಕರು ಸಾಕಷ್ಟು ಬರೆದಿದ್ದಾರೆ. ಆದರೆ ಎಲೆ ಹುಟ್ಟಿದ್ದು ಗೋಡೆಗೆ ತೂಗುಹಾಕುವುದಕ್ಕಲ್ಲ, ಕೈಯಲ್ಲಿ ಹಿಡಿದು ಆಡುವುದಕ್ಕೆ. ಅದನ್ನು ಯಾರು ಆಡಿದರು, ಎಷ್ಟು ಜನ ಕೂಡಿ ಆಡಿದರು, ಆ ಕೂಟ ಏಕೆ ಚದುರಿತು ಎಂದು ಕೇಳಿದವರು ಕಡಮೆ. ಅರಮನೆಯಿಂದ ದೂರವುಳಿದ ಸೇಲಂ, ಧರ್ಮಪುರಿಗಳ ಕನ್ನಡಿಗರಾದ ನಮಗೆ ಈ ಪ್ರಶ್ನೆಯಲ್ಲಿ ವಿಶೇಷವಾದ ಆಸಕ್ತಿ ಇರುವುದು ಸಹಜ.

ಗಂಜೀಫಾ ಆಟದ ಉಲ್ಲೇಖ ನಮ್ಮ ದೇಶದ ಚರಿತ್ರೆಯಲ್ಲಿ ಮೊಘಲರೊಡನೆ ಬರುತ್ತದೆ. ಬಾಬರನು 1527ರಲ್ಲಿ ಸಿಂಧಿನ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಕ್ಬರನ ಆಸ್ಥಾನದಲ್ಲಿ ಹನ್ನೆರಡು ಗುಂಪುಗಳ 144 ಎಲೆಗಳ ಆಟವಿದ್ದುದನ್ನು ಅಬುಲ್ ಫಜಲ್ ವಿವರಿಸುತ್ತಾನೆ. ಮುಂದೆ ಹೆಚ್ಚು ಬಳಕೆಗೆ ಬಂದದ್ದು ಎಂಟು ಗುಂಪುಗಳ 96 ಎಲೆಗಳ ಕಟ್ಟು. ಕಿರೀಟ, ಖಡ್ಗ, ಚಿನ್ನದ ನಾಣ್ಯ, ಬೆಳ್ಳಿಯ ನಾಣ್ಯ, ಸೇವಕ, ತಂತಿವಾದ್ಯ, ಸನದು, ಸರಕು ಎಂಬ ಇವು ಒಂದು ದರ್ಬಾರಿನ ಖಜಾನೆ, ಕಚೇರಿ, ಉಗ್ರಾಣಗಳನ್ನೇ ಎಲೆಗಿಳಿಸಿದಂತಿವೆ. ಪ್ರತಿ ಗುಂಪಿನಲ್ಲಿ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು. ಅರ್ಧದಷ್ಟು ಗುಂಪುಗಳಲ್ಲಿ ಹತ್ತು ದೊಡ್ಡದು, ಒಂದು ಸಣ್ಣದು. ಉಳಿದರ್ಧದಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಸಣ್ಣದು. ತುರುಫು ಎಂಬುದಿಲ್ಲ. ಹಗಲಿನಲ್ಲಿ ಆಡುವಾಗ ಚಿನ್ನದ ನಾಣ್ಯದ ರಾಜನನ್ನು ಹಿಡಿದವನು ಆಟ ತೊಡಗಬೇಕು. ರಾತ್ರಿಯಾದರೆ ಬೆಳ್ಳಿಯ ನಾಣ್ಯದ ರಾಜನಿಗೆ ಆ ಹಕ್ಕು. ಸೂರ್ಯಚಂದ್ರರನ್ನು ಆಟದ ನಿಯಮದೊಳಗೆ ಸೇರಿಸಿಕೊಂಡ ಈ ಕಲ್ಪನೆ ನಮಗೆ ಬಹಳ ಹಿಡಿಸಿದೆ.

ಇದೇ ಮರದ ದೇಶೀ ಕೊಂಬೆ ದಶಾವತಾರ ಗಂಜೀಫಾ. ಮತ್ಸ್ಯನಿಂದ ಕಲ್ಕಿಯವರೆಗೆ ಹತ್ತು ಗುಂಪು, 120 ಎಲೆ. ಇಲ್ಲಿ ಹಗಲಿಗೆ ರಾಮ, ಇರುಳಿಗೆ ಕೃಷ್ಣ. ಮೂವರು ಕುಳಿತು ತಲೆಗೆ ನಲವತ್ತರಂತೆ ಹಂಚಿಕೊಂಡು ಆಡುವುದು ವಾಡಿಕೆ. ದುಂಡೆಲೆಗಳನ್ನು ಇಸ್ಪೀಟಿನಂತೆ ಕಲೆಸಲಾಗದು. ಬಟ್ಟೆ ಹಾಸಿ ಅದರ ಮೇಲೆ ಬೋರಲು ಸುರಿದು ಎರಡು ಕೈಯಿಂದ ಕಲೆಸಬೇಕು. ಉಳಿದ ಎಲೆಗಳಲ್ಲಿ ಯಾವುದು ದೊಡ್ಡದು ಎಂದು ಬಲ್ಲವನೇ ಗೆಲ್ಲುವನಾದ್ದರಿಂದ, ಬಿದ್ದ ಎಲೆಗಳೆಲ್ಲ ನೆನಪಿನಲ್ಲಿರಬೇಕು. ಇಂಥ ಆಟ ಪುಸ್ತಕ ಓದಿ ಬರುವುದಿಲ್ಲ. ಬಲ್ಲವರ ಪಕ್ಕದಲ್ಲಿ ಹಲವು ದಿನ ಕುಳಿತು, ಒಂದೆರಡು ಬಾರಿ ಬೈಸಿಕೊಂಡು ಕಲಿಯಬೇಕು. ಹೀಗೆ ಕುಳಿತವರ ಸಾಲು ಕಡಿಯದಿರುವಷ್ಟು ಕಾಲ ಆಟ ಇರುತ್ತದೆ.

ಎಲೆ ಮಾಡುವವರಲ್ಲಿ ಎರಡು ಹಾದಿಗಳಿದ್ದವು. ಶ್ರೀಮಂತರಿಗಾಗಿ ದಂತ, ಆಮೆಚಿಪ್ಪುಗಳಲ್ಲಿ ಮಾಡಿದ್ದು ದರ್ಬಾರ್ ಕಲಮ್. ಪೇಟೆಯಲ್ಲಿ ಮಾರಲು ಬಟ್ಟೆಯನ್ನೋ ಕಾಗದವನ್ನೋ ಪದರ ಪದರವಾಗಿ ಅಂಟಿಸಿ ಬಣ್ಣ ಹಚ್ಚಿದ್ದು ಬಾಜಾರ್ ಕಲಮ್. ವಸ್ತುಸಂಗ್ರಹಾಲಯಗಳು ಮೆಚ್ಚುವುದು ಮೊದಲನೆಯದನ್ನು. ಊರೂರಿಗೆ ಆಟವನ್ನು ಕೊಂಡೊಯ್ದುದು ಎರಡನೆಯದು.

ಇನ್ನು ಮೈಸೂರಿನ ಕಥೆ. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟಕ್ಕೆ ಬಂದರು. 1831ರಲ್ಲಿ ಕಂಪನಿ ಸರ್ಕಾರ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡಿತು. 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಅರಸರಾಗಿಯೇ ಇದ್ದರು. ಆಳುವುದಕ್ಕೆ ಮಾತ್ರ ರಾಜ್ಯವಿರಲಿಲ್ಲ. ಸಾಹಿತ್ಯ, ಸಂಗೀತ, ಚಿತ್ರಗಳ ಜೊತೆಗೆ ಅವರ ಬುದ್ಧಿ ಆಟಗಳತ್ತ ಹರಿಯಿತು. ಚದುರಂಗದ ಹಲಗೆಯ ಮನೆಗಳನ್ನೆಲ್ಲ ಒಂದೇ ಕುದುರೆಯಿಂದ ಸುತ್ತಿಸುವ ಬಂಧಗಳನ್ನು ಅವರು ರಚಿಸಿದರು. ಒಂಬತ್ತು ನಿಧಿಗಳ ಶ್ರೀತತ್ತ್ವನಿಧಿಯಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ, ತಾವೇ ಕಲ್ಪಿಸಿದ ಎಲೆಯಾಟಗಳನ್ನು ಚಿತ್ರಸಹಿತ ವಿವರಿಸಿದರು. ಇವಕ್ಕೆ ಛದ್ ಎಂದು ಹೆಸರು. ಚಾಮುಂಡೇಶ್ವರಿ ಛದ್‌ಗೆ ಹದಿನಾರು ಗುಂಪು, 320 ಎಲೆ. ಜಗನ್ಮೋಹನ ಛದ್‌ಗೆ ಹದಿನೆಂಟು ಗುಂಪು, 360 ಎಲೆ. ನವಗ್ರಹಗಳು, ದಿಕ್ಪಾಲರು, ಪಂಚಪಾಂಡವರು ಎಲ್ಲರೂ ಎಲೆಗಳಾದರು. ಹಳೆಯ ಆಟದಲ್ಲಿಲ್ಲದ ತುರುಫು ಎಲೆಗಳೂ ಇವುಗಳಲ್ಲಿ ಸೇರಿದವು.

ಈ ಪಟ್ಟಿಯನ್ನು ಓದುವಾಗ ಬೆರಗಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. 360 ಎಲೆಗಳನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ 120 ಬರುತ್ತವೆ. ದಶಾವತಾರದ ಇಡೀ ಕಟ್ಟು ಒಬ್ಬನ ಕೈಯಲ್ಲಿ! ಪ್ರತಿಯೊಂದು ಎಲೆಯನ್ನೂ ಚಿತ್ರಕಾರ ಕೈಯಾರೆ ಬರೆಯಬೇಕು. ಅದನ್ನು ಬರೆಸಿಕೊಳ್ಳುವಷ್ಟು ಹಣ, ಆಡುವಷ್ಟು ಬಿಡುವು, ಇಷ್ಟೊಂದು ಆಟಗಳ ನಿಯಮಗಳನ್ನು ನೆನಪಿಡುವಷ್ಟು ತಾಳ್ಮೆ ಇದ್ದವರು ಅರಮನೆಯ ಆವರಣದಾಚೆ ಎಷ್ಟು ಮಂದಿ? ಪೇಟೆಯ ಅಗ್ಗದ ಪ್ರತಿ ಹುಟ್ಟದ ಆಟ ಅರಮನೆಯ ದೀಪದ ಬೆಳಕಿನಲ್ಲೇ ಉಳಿಯಿತು. ಅರಸರ ಕಲ್ಪನೆ ಬಡವಾಗಿತ್ತೆಂದು ಇದರರ್ಥವಲ್ಲ. ಅದು ಅತಿ ಶ್ರೀಮಂತವಾಗಿತ್ತು.

ಸೇಲಂ, ಧರ್ಮಪುರಿಗಳಿಗೆ ಈ ಛದ್‌ಗಳು ಅರಮನೆಯ ಹಾದಿಯಿಂದ ಬರುವ ಸಂದರ್ಭವೇ ಒದಗಲಿಲ್ಲ. ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಾರಾಮಹಲನ್ನು ಮೈಸೂರಿಗೆ ಸೇರಿಸಿದ್ದರು. ಟಿಪ್ಪುವಿನೊಡನೆ 1792ರಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಮತ್ತು ಸೇಲಂ ಸೀಮೆಗಳು ಕಂಪನಿಯ ಪಾಲಾದವು. ಅಲೆಕ್ಸಾಂಡರ್ ರೀಡ್ ಹಾಗೂ ಅವನ ಸಹಾಯಕ ಥಾಮಸ್ ಮನ್ರೋ ಇಲ್ಲಿ ಹೊಲ ಅಳೆದು ಕಂದಾಯ ಗೊತ್ತುಪಡಿಸುತ್ತಿದ್ದ ಕಾಲಕ್ಕೆ ಮುಮ್ಮಡಿಯವರಿಗೆ ಇನ್ನೂ ಪಟ್ಟವಾಗಿರಲಿಲ್ಲ. ಒಡೆಯರ ಮನೆತನ ಮತ್ತೆ ಸಿಂಹಾಸನವೇರುವ ಏಳು ವರ್ಷ ಮೊದಲೇ ನಮ್ಮ ಸೀಮೆ ಆ ಸಿಂಹಾಸನದಿಂದ ಬೇರೆಯಾಗಿತ್ತು. ಕನ್ನಡ ಮನೆಮಾತಾಗಿ ಇಲ್ಲಿಯೇ ಉಳಿದ ನೇಕಾರರು, ಒಕ್ಕಲಿಗರು, ಕುರಿ ಕಾಯುವವರು ಆಡಿದ್ದು ಪಗಡೆ, ಚೌಕಾಬಾರ, ಅಳಗುಳಿ ಮಣೆ, ಆಡು ಹುಲಿ. ಹುಣಸೆಬೀಜ, ಕವಡೆ, ಒಡೆದ ಬಳೆಚೂರು, ಗುಡಿಯ ಜಗಲಿಕಲ್ಲಿನ ಮೇಲೆ ಕೊರೆದ ಗೆರೆ ಇಷ್ಟು ಸಾಕು. ತಮಿಳು ನೆರೆಯವರ ಪಲ್ಲಾಂಗುಳಿಯೂ ನಮ್ಮ ಅಳಗುಳಿಯೂ ಒಂದೇ ಹಲಗೆಯ ಮೇಲೆ ನಡೆದವು.

ಗಂಜೀಫಾದ ಆಟಗಾರರನ್ನು ಎಲ್ಲೆಡೆ ಚದುರಿಸಿದ್ದು ಮುದ್ರಣಯಂತ್ರ. ಯೂರೋಪಿನಿಂದ ಬಂದ 52 ಎಲೆಗಳ ಕಟ್ಟು ಅಗ್ಗ, ಹಗುರ, ಜೇಬಿನಲ್ಲಿ ಹಿಡಿಯುವಂಥದು. ನಾವಿಂದಿಗೂ ಆಡುವ ‘ಕಳಾವರ್’, ‘ಆಟೀನ್’ ಎಂಬ ಮಾತುಗಳಲ್ಲಿ ಡಚ್ಚರ ಕ್ಲಾವರ್, ಹಾರ್ಟನ್ ಪದಗಳ ದನಿಯಿದೆ. ನಮ್ಮ ಕಡೆ ಮದುವೆಮನೆಯಲ್ಲಿ ಕನ್ನಡದವರೂ ತಮಿಳರೂ ಎಲೆ ಹಾಕಲು ಕುಳಿತರೆ ಇವನ್ನು ಭಾಷಾಂತರಿಸಬೇಕಾಗಿಲ್ಲ.

ಆ ಮೇಲೆ ನಡೆದ ಪುನರುದ್ಧಾರದ ಯತ್ನಗಳು ಗೌರವಕ್ಕೆ ಪಾತ್ರವಾದವು. ಕೊಂಕಣದ ಸಾವಂತವಾಡಿಯಲ್ಲಿ ಅಲ್ಲಿನ ರಾಜಮನೆತನದ ಶಿವರಾಮರಾಜೆ ಭೋಂಸ್ಲೆ ಮತ್ತು ಸತ್ವಶೀಲಾದೇವಿ ದಂಪತಿಗಳು 1970ರ ದಶಕದಲ್ಲಿ, ಉಳಿದಿದ್ದ ವೃದ್ಧ ಕುಶಲಕರ್ಮಿಯಿಂದ ಕಲಿತು, ಅರಮನೆಯಲ್ಲೇ ಎಲೆ ಬರೆಯುವ ಕೆಲಸವನ್ನು ಮತ್ತೆ ಆರಂಭಿಸಿದರು. ಮೈಸೂರಿನಲ್ಲಿ ಗಂಜೀಫಾ ರಘುಪತಿ ಭಟ್ಟರು ಈ ಚಿತ್ರಕಲೆಗೆ ತಮ್ಮ ಬಾಳನ್ನೇ ಕೊಟ್ಟು, ಅದನ್ನೇ ಹೆಸರಿನ ಭಾಗವಾಗಿಸಿಕೊಂಡರು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಇಂದು ಈ ಎಲೆಗಳನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಅವನ್ನು ಚೌಕಟ್ಟಿನೊಳಗೆ ಇಡುತ್ತಾರೆ. ಒಡಿಶಾದ ಸ್ಥಿತಿ ಬೇರೆ. ಅಲ್ಲಿ ಗಂಜಪ ಎಂದು ಕರೆಯುವ ಈ ಆಟವನ್ನು ಹಳ್ಳಿಗಳ ಹಿರಿಯರು ಸಂಜೆ ಜಗಲಿಗಳಲ್ಲಿ ಕುಳಿತು ಆಡುವ ರೂಢಿ ನಮ್ಮ ಕಾಲದವರೆಗೂ ಬಂದಿದೆ. ಎಲೆ ಸವೆದರೆ ಹೊಸ ಕಟ್ಟು ಬರೆಸುತ್ತಾರೆ. ಅಲ್ಲಿ ಚಿತ್ರಕಾರನಿಗೆ ಕೇಳಿಕೆ ಬಂದದ್ದು ಆಟಗಾರನಿಂದ.

ನಮ್ಮ ಮನೆಗಳ ಮಕ್ಕಳು ಈಗ ಪೋಕೆಮಾನ್ ಮುಂತಾದ ಎಲೆಗಳನ್ನು ಕೂಡಿಹಾಕುತ್ತಾರೆ. ಹಿರಿಯರು ಇದನ್ನು ದುಡ್ಡಿನ ದಂಡವೆಂದು ಗೊಣಗುವುದುಂಟು. ಇಲ್ಲಿಯೂ ಆಟಗಾರರ ಒಂದು ಚರಿತ್ರೆ ಇದೆ. ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್ ಎಂಬ ಎಲೆಯಾಟ 1993ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಪ್ರತಿಯೊಬ್ಬನೂ ತಾನು ಕೂಡಿಸಿದ ಎಲೆಗಳಿಂದ ತನ್ನದೇ ಕಟ್ಟನ್ನು ಕಟ್ಟಿಕೊಂಡು ಬರುತ್ತಾನೆ. ಯಾವ ಎಲೆ ಸಲ್ಲುತ್ತದೆ, ಎಷ್ಟಿರಬೇಕು ಎಂಬ ಕಟ್ಟಳೆಗೆ ತಕ್ಕಂತೆ ಆಟದ ಬೇರೆ ಬೇರೆ ಪ್ರಕಾರಗಳಿವೆ. ಕಮಾಂಡರ್ ಎಂಬ ಪ್ರಕಾರವನ್ನು ಕಂಪನಿ ಮಾಡಲಿಲ್ಲ. ಅಲಾಸ್ಕದ ಗೆಳೆಯರ ಗುಂಪೊಂದು ಮಾಡಿತು. ನೂರು ಎಲೆ, ಅವುಗಳಿಗೊಬ್ಬ ನಾಯಕ, ಸಾಮಾನ್ಯವಾಗಿ ನಾಲ್ವರು ಆಟಗಾರರು. ಸೈನಿಕನಾಗಿ ಅಲ್ಲಿದ್ದ ಶೆಲ್ಡನ್ ಮೆನೆರಿ ಅದನ್ನು ಹೊರಗಿನವರಿಗೆ ಕಲಿಸಿದ. ಪಂದ್ಯಗಳ ತೀರ್ಪುಗಾರರು ದಿನದ ಕೆಲಸ ಮುಗಿದ ರಾತ್ರಿಗಳಲ್ಲಿ ಆಡಿ ಹಬ್ಬಿಸಿದರು. ಆಟಗಾರರದೇ ಸಮಿತಿ ನಿಯಮಗಳನ್ನು ನೋಡಿಕೊಂಡಿತು. 2011ರಲ್ಲಿ ಕಂಪನಿ ಇದಕ್ಕಾಗಿ ಸಿದ್ಧ ಕಟ್ಟುಗಳನ್ನು ಮಾರತೊಡಗಿತು. 2024ರ ಸೆಪ್ಟೆಂಬರಿನಲ್ಲಿ ಸಮಿತಿ ಕೆಲವು ಬೆಲೆಬಾಳುವ ಎಲೆಗಳನ್ನು ನಿಷೇಧಿಸಿದಾಗ ಸದಸ್ಯರಿಗೆ ಬೆದರಿಕೆಗಳು ಬಂದವು. ಅದೇ ತಿಂಗಳ ಕೊನೆಯಲ್ಲಿ ನಿಯಮಗಳ ಹೊಣೆ ಕಂಪನಿಯ ಕೈಸೇರಿತು. ಆಡುವವರು ಕಟ್ಟಿದ ಮನೆಯ ಬೀಗದ ಕೈ ಹೀಗೆ ಮಾರುವವರಿಗೆ ಹೋದದ್ದು ನಮಗೆ ಅಷ್ಟಾಗಿ ಹಿಡಿಸದು.

ಆದರೂ ಆ ಪ್ರಕಾರದ ಒಂದು ಪದ್ಧತಿ ಈಗಲೂ ಮುಂದುವರಿದಿದೆ. ಆಟ ತೊಡಗುವ ಮೊದಲು ಕುಳಿತವರು ಪರಸ್ಪರ ಮಾತಾಡಿ, ಇವತ್ತಿನ ಆಟದಲ್ಲಿ ಏನು ಸಲ್ಲುತ್ತದೆ, ಏನು ಬೇಡ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ಇದು ನಮಗೆ ಹೊಸದಲ್ಲ. ಬೇರೆ ಊರಿನಿಂದ ಬಂದ ಸೊಸೆಯ ಮುಂದೆ ಚೌಕಾಬಾರದ ಮನೆ ಬರೆದಾಗ, ಕವಡೆ ಕೈಗೆ ಕೊಡುವ ಮುನ್ನ ಅತ್ತೆ ಕೇಳುವ ಮಾತೂ ಅದೇ: “ನಿಮ್ಮೂರಲ್ಲಿ ಹೇಗಮ್ಮ, ಗಟ್ಟಿ ಕಟ್ಟಿದರೆ ಹೊಡೆಯಬಹುದಾ?”