ಕಾಣದ ಗೆಳೆಯರನ್ನು ಕಾಣಲು ಹೊರಟವರು

ಕಂಪ್ಯೂಟರ್ ಅಥವಾ ಮೊಬೈಲ್ ಪರದೆಯ ಮೇಲೆ ಪರಿಚಯವಾದವರನ್ನು ನೋಡಲು ರೈಲು ಹತ್ತಿ ಬೇರೊಂದು ಊರಿಗೆ ಹೋಗುವುದು ಈಗ ಅಪರೂಪದ ಸಂಗತಿಯಲ್ಲ. ಹಾಗೆ ಹೊರಟವರಿಗೆ ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: ‘ಮುಖವನ್ನೇ ನೋಡದವರ ಜೊತೆ ಅದೆಂಥ ಸ್ನೇಹ?’ ಇಂಟರ್‌ನೆಟ್ ತಂದ ಹೊಸ ಹುಚ್ಚು ಇದು ಎಂಬುದು ಅವರ ಎಣಿಕೆ. ಪ್ರಶ್ನೆ ನ್ಯಾಯವಾದದ್ದೇ, ಆದರೆ ಹೊಸದಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಉರೈಯೂರಿನ ಚೋಳ ದೊರೆಯೊಬ್ಬನ ಸುತ್ತ ನೆರೆದಿದ್ದವರೂ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು.

ಆ ದೊರೆ ಕೋಪ್ಪೆರುಂಚೋಳನ್. ಪಾಂಡ್ಯರ ನಾಡಿನ ಪಿಸಿರ್ ಎಂಬ ಊರಿನಲ್ಲಿದ್ದ ಕವಿ ಪಿಸಿರಾಂದೈಯಾರ್ ಅವನ ಗೆಳೆಯ. ಇಬ್ಬರೂ ಒಬ್ಬರನ್ನೊಬ್ಬರು ಒಮ್ಮೆಯೂ ನೋಡಿರಲಿಲ್ಲ. ಒಬ್ಬರ ಗುಣವನ್ನು ಇನ್ನೊಬ್ಬರು ಬಲ್ಲವರ ಬಾಯಿಂದ ಕೇಳಿ ತಿಳಿದಿದ್ದರು, ಅಷ್ಟೆ. ಸಂಗಂ ಕಾಲದ ನಾನೂರು ಪದ್ಯಗಳ ಸಂಕಲನವಾದ ‘ಪುರನಾನೂರು’ ಇವರ ಕಥೆಯನ್ನು ಬಿಡಿಬಿಡಿ ಪದ್ಯಗಳಲ್ಲಿ ಉಳಿಸಿಕೊಂಡಿದೆ. ಉತ್ತರಕ್ಕೆ ಹಾರುವ ಹಂಸವೊಂದನ್ನು ಕರೆದು, ದಾರಿಯಲ್ಲಿ ಉರೈಯೂರಿನಲ್ಲಿ ಇಳಿದು ದೊರೆಯ ಮುಂದೆ ತನ್ನ ಹೆಸರು ಹೇಳುವಂತೆ ಕವಿ ಕೋರುವ ಪದ್ಯವೂ ಅದರಲ್ಲಿದೆ.

ದೊರೆಗೆ ಮಕ್ಕಳೇ ವೈರಿಗಳಾದರು. ಅವರ ಮೇಲೆ ಯುದ್ಧಕ್ಕೆ ಸಿದ್ಧನಾದವನನ್ನು ಕವಿಗಳು ತಡೆದರು. ಮನನೊಂದ ಆತ ಉತ್ತರಕ್ಕೆ ಮುಖಮಾಡಿ ಕುಳಿತು ಅನ್ನನೀರು ಬಿಟ್ಟು ಪ್ರಾಣತ್ಯಾಗಕ್ಕೆ ನಿರ್ಧರಿಸಿದ. ಶ್ರವಣಬೆಳಗೊಳದ ಸಲ್ಲೇಖನ ವ್ರತದ ಬಗ್ಗೆ ತಿಳಿದ ಕನ್ನಡಿಗರಿಗೆ ಈ ಬಗೆಯ ಸಾವು ಅಪರಿಚಿತವಲ್ಲ. ಕುಳಿತ ದೊರೆ ತನ್ನ ಪಕ್ಕದಲ್ಲಿ ಪಿಸಿರಾಂದೈಯಾರ್‌ಗೂ ಒಂದು ಜಾಗ ಬಿಡಿ ಎಂದ. ಸುತ್ತಲಿದ್ದವರಿಗೆ ನಂಬಿಕೆಯಿಲ್ಲ. ಇಷ್ಟು ವರ್ಷ ಬಾರದವನು, ಬರೀ ಕೇಳಿ ಬಲ್ಲವನು, ಸಾಯಲು ಬರುತ್ತಾನೆಯೇ? ಸುಖದಲ್ಲಿದ್ದಾಗ ಬಾರದಿದ್ದರೂ ಕಷ್ಟದಲ್ಲಿ ನಿಲ್ಲದವನಲ್ಲ ಎಂಬುದು ದೊರೆಯ ಉತ್ತರವಾಗಿತ್ತು.

ಕವಿ ಬಂದ. ಬಂದು, ಗೆಳೆಯನಂತೆಯೇ ಉತ್ತರಕ್ಕೆ ಮುಖಮಾಡಿ ಕುಳಿತು ಪ್ರಾಣ ಬಿಟ್ಟ. ಆಸ್ಥಾನದಲ್ಲೇ ಇದ್ದ ಪೊತ್ತಿಯಾರ್ ಎಂಬ ಇನ್ನೊಬ್ಬ ಕವಿ ಈ ಆಗಮನವನ್ನು ಕಂಡು ಬೆರಗಾಗಿ ಪದ್ಯ ಕಟ್ಟಿದ್ದಾನೆ. ಇದು ಶಾಸನದ ಸಾಕ್ಷ್ಯವಲ್ಲ, ಕಾವ್ಯದ ಸಾಕ್ಷ್ಯ ಎಂಬ ಎಚ್ಚರ ಇರಬೇಕು. ಹಾಗಿದ್ದರೂ ಕಾಣದ ಗೆಳೆತನವನ್ನು ತಮಿಳರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಇದೇ ಕಥೆಯನ್ನು ನಾಟಕವಾಗಿಸಿದ ಕವಿ ಭಾರತಿದಾಸನ್ ಅವರ ‘ಪಿಸಿರಾಂದೈಯಾರ್’ ಕೃತಿಗೆ 1969ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಬಾಯಿಂದ ಬಾಯಿಗೆ ಬರುವ ಸುದ್ದಿಯನ್ನು ನೆಚ್ಚಿದ್ದ ಇಂಥ ಸ್ನೇಹ ಸಾಮಾನ್ಯರ ಕೈಗೆ ಎಟುಕಿದ್ದು ಅಂಚೆಯಿಂದ. ಬ್ರಿಟನ್‌ನಲ್ಲಿ 1840ರಲ್ಲಿ ಒಂದು ಪೆನ್ನಿಗೆ, ಭಾರತದಲ್ಲಿ 1854ರಲ್ಲಿ ಅರ್ಧ ಆಣೆಗೆ ದೇಶದ ಯಾವ ಮೂಲೆಗಾದರೂ ಕಾಗದ ಹೋಗತೊಡಗಿತು. ಅಪರಿಚಿತರಿಗೆ ಬರೆಯುವುದು ಸುಲಭವಾಯಿತು. ಜೊತೆಗೆ, ಬರೆದವನು ನಿಜವಾಗಿ ಯಾರು ಎಂಬ ಶಂಕೆಯೂ ಬಂತು. 1913ರ ಜನವರಿಯಲ್ಲಿ ಮದರಾಸಿನ ಗುಮಾಸ್ತ ಶ್ರೀನಿವಾಸ ರಾಮಾನುಜನ್ ಬರೆದ ಪತ್ರ ಕೈಸೇರಿದಾಗ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿ ಅವರಿಗೆ ಇದು ಯಾರದೋ ಕುಚೇಷ್ಟೆ ಇರಬಹುದೇ ಎನ್ನಿಸಿತ್ತು. ಶಂಕೆ ತೀರಿದ್ದು ಪತ್ರದಲ್ಲಿದ್ದ ಸೂತ್ರಗಳಿಂದಲೇ. ಆದರೆ ರಾಮಾನುಜನ್ ಹಡಗು ಹತ್ತಲು ಪತ್ರಗಳು ಸಾಲಲಿಲ್ಲ. ಉಪನ್ಯಾಸಕ್ಕೆಂದು ಮದರಾಸಿಗೆ ಬಂದಿದ್ದ ನೆವಿಲ್ ಎಂಬ ಯುವ ಗಣಿತಜ್ಞ ಎದುರು ಕುಳಿತು ಮಾತಾಡಬೇಕಾಯಿತು. 1914ರ ಏಪ್ರಿಲ್‌ನಲ್ಲಿ ರಾಮಾನುಜನ್ ಇಂಗ್ಲೆಂಡ್ ತಲುಪಿದರು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ.

ಭೇಟಿಯೇ ಬೇಡ ಎಂದವರೂ ಉಂಟು. ರಷ್ಯದ ಸಂಗೀತಗಾರ ಚೈಕೋವ್‌ಸ್ಕಿ ಅವರಿಗೆ ವರ್ಷಕ್ಕೆ 6,000 ರೂಬಲ್ ನೆರವು ಕೊಡುತ್ತಿದ್ದ ಶ್ರೀಮಂತ ವಿಧವೆ ನಡೇಜ್ಡಾ ಫಾನ್ ಮೆಕ್, ತಾವಿಬ್ಬರೂ ಎಂದೂ ಭೇಟಿಯಾಗಕೂಡದು ಎಂಬ ಷರತ್ತು ಹಾಕಿದ್ದರು. ಅವರ ನಡುವೆ ಸಾವಿರಕ್ಕೂ ಹೆಚ್ಚು ಪತ್ರಗಳು ಓಡಾಡಿದವು. 1879ರಲ್ಲಿ ಆಕೆಯ ಜಮೀನಿನಲ್ಲಿ ಅತಿಥಿಯಾಗಿದ್ದ ಚೈಕೋವ್‌ಸ್ಕಿ ಹೊತ್ತು ತಪ್ಪಿ ಸವಾರಿ ಹೊರಟಾಗ ಎದುರಿಗೆ ಆಕೆಯ ಗಾಡಿ ಬಂತು. ಅವರು ಟೋಪಿ ಎತ್ತಿ ವಂದಿಸಿದರು. ಗಾಡಿಗಳು ಮುಂದೆ ಹೋದವು. ಮಾತಿಲ್ಲ. 1884ರಲ್ಲಿ ಚೈಕೋವ್‌ಸ್ಕಿ ಸೋದರಿಯ ಮಗಳಿಗೂ ಆಕೆಯ ಮಗನಿಗೂ ಮದುವೆಯಾಗಿ ಇಬ್ಬರೂ ಬೀಗರ ಕಡೆಯವರಾದ ಮೇಲೂ ಈ ಷರತ್ತು ಮುರಿಯಲಿಲ್ಲ. ಕಾಗದದ ಮೇಲಿನ ಗೆಳೆಯನನ್ನು ಕಳೆದುಕೊಳ್ಳುವ ಭಯ ಅವರನ್ನು ತಡೆದಿರಬೇಕು.

ಇಂದಿನ ಆನ್‌ಲೈನ್ ಸ್ನೇಹದ ನೇರ ಪೂರ್ವಜ ಮಾತ್ರ ಅಂಚೆಯಲ್ಲ, ತಂತಿ. ಇದನ್ನು ತುಸು ವಿವರಿಸಬೇಕು. ಒಂದೇ ತಂತಿಗೆ ಹಲವು ಊರುಗಳ ಕಚೇರಿಗಳು ಜೋಡಿಸಿಕೊಂಡಿರುತ್ತಿದ್ದವು. ಒಬ್ಬರು ಕಳಿಸಿದ ಕಟ್ಟು-ಕಡ ಸದ್ದು ಎಲ್ಲ ಕಚೇರಿಗಳಲ್ಲೂ ಕೇಳುತ್ತಿತ್ತು. ಕೆಲಸವಿಲ್ಲದ ಹೊತ್ತಿನಲ್ಲಿ ಆಪರೇಟರ್‌ಗಳು ಹರಟೆಗಿಳಿಯುತ್ತಿದ್ದರು, ಚದುರಂಗ ಆಡುತ್ತಿದ್ದರು, ಜಗಳವಾಡುತ್ತಿದ್ದರು. ಪೂರ್ತಿ ಹೆಸರಿನ ಬದಲು ಒಂದೆರಡು ಅಕ್ಷರಗಳ ಸಂಕೇತವೇ ಅವರ ಗುರುತು. ಕೈಬರಹದಂತೆ ಪ್ರತಿಯೊಬ್ಬರ ಬಡಿತಕ್ಕೂ ಒಂದು ಧಾಟಿ ಇರುತ್ತಿತ್ತು. ಅನುಭವಸ್ಥರು ಸದ್ದು ಕೇಳಿಯೇ ಇಂಥವರು ಎಂದು ಹೇಳಬಲ್ಲವರಾಗಿದ್ದರು. ಅಮೆರಿಕದಲ್ಲಿ ಈ ಕೆಲಸಕ್ಕೆ ಯುವತಿಯರೂ ದೊಡ್ಡ ಸಂಖ್ಯೆಯಲ್ಲಿ ಸೇರಿದ್ದರಿಂದ ತಂತಿಯ ಮೇಲೆ ಪ್ರೇಮ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಬೋಸ್ಟನ್‌ನ ಹೋಟೆಲೊಂದರಲ್ಲಿ ತಂತಿ ಆಪರೇಟರ್ ಆಗಿದ್ದ ಎಲ್ಲಾ ಚೀವರ್ ಥೇಯರ್ 1879ರಲ್ಲಿ ‘ವೈರ್ಡ್ ಲವ್’ ಎಂಬ ಕಾದಂಬರಿ ಬರೆದರು. ನಾಯಕಿ ನ್ಯಾಟಿಗೆ ತಂತಿಯ ಇನ್ನೊಂದು ತುದಿಯಲ್ಲಿ ‘ಸಿ’ ಎಂಬ ಗೆಳೆಯ ಸಿಗುತ್ತಾನೆ. ಗಂಡೋ ಹೆಣ್ಣೋ ಎಂಬುದೂ ಮೊದಲಿಗೆ ತಿಳಿಯದು. ಸ್ನೇಹ ಬೆಳೆದು ಒಂದು ದಿನ ಆತ ಅವಳ ಕಚೇರಿಗೇ ಬರುತ್ತಾನೆ. ಬಂದವನು ಕೆಂಗೂದಲಿನ, ಅಗ್ಗದ ಅತ್ತರಿನ ವಾಸನೆಯ, ಒರಟು ಮಾತಿನ ಆಸಾಮಿ. ನ್ಯಾಟಿ ಕುಸಿದುಹೋಗುತ್ತಾಳೆ. ಆತ ಮೋಸಗಾರ, ‘ಸಿ’ಯ ಹೆಸರು ಹೇಳಿಕೊಂಡು ಬಂದವನು, ನಿಜವಾದ ‘ಸಿ’ ಬೇರೆಯೇ ಇದ್ದಾನೆ ಎಂಬುದು ಅವಳಿಗೆ ಗೊತ್ತಾಗುವುದು ಆಮೇಲೆ. ಸುಳ್ಳು ಹೆಸರಿನ ಹಾವಳಿಯನ್ನು ಟೆಲಿಫೋನ್ ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲೇ ಒಬ್ಬ ಹೆಣ್ಣುಮಗಳು ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದು ಸಣ್ಣ ಮಾತಲ್ಲ.

ನೂರು ವರ್ಷದ ನಂತರ ಕಾದಂಬರಿಯೇ ನಿಜವಾಯಿತು. ಕಂಪ್ಯುಸರ್ವ್ ಎಂಬ ಅಮೆರಿಕದ ಕಂಪ್ಯೂಟರ್ ಜಾಲದಲ್ಲಿ, ಅಪಘಾತದಲ್ಲಿ ಮಾತು ಮತ್ತು ನಡಿಗೆಯ ಶಕ್ತಿ ಕಳೆದುಕೊಂಡ ಮಹಿಳೆಯೆಂದು ಹೇಳಿಕೊಂಡ ‘ಜೋನ್’ ನೂರಾರು ಹೆಂಗಸರ ಆಪ್ತ ಗೆಳತಿಯಾಗಿದ್ದಳು. ಅವಳನ್ನು ಕಣ್ಣಾರೆ ಕಾಣುವ ಅವಕಾಶ ಮಾತ್ರ ಯಾರಿಗೂ ಸಿಗಲಿಲ್ಲ. ಕೊನೆಗೆ ಆಕೆ ಹೆಂಗಸೇ ಅಲ್ಲ, ನ್ಯೂಯಾರ್ಕಿನ ಒಬ್ಬ ಮನೋವೈದ್ಯ ಎಂದು ಬಯಲಾಯಿತು. 1985ರಲ್ಲಿ ‘ಮಿಸ್’ ಪತ್ರಿಕೆ ಇದನ್ನು ವಿವರವಾಗಿ ಪ್ರಕಟಿಸಿತು. ವಂಚಿತರಲ್ಲಿ ಕೆಲವರು ಸಿಟ್ಟಿಗಿಂತ ಹೆಚ್ಚಾಗಿ ಜೋನ್ ಇಲ್ಲವಲ್ಲ ಎಂದು ಮರುಗಿದರೆಂಬುದು ಯೋಚಿಸಬೇಕಾದ ಸಂಗತಿ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಬಳಿ ಶುರುವಾದ ‘ವೆಲ್’ ಎಂಬ ಜಾಲದ ಸದಸ್ಯರು ಬೇರೆ ದಾರಿ ಹಿಡಿದರು. ಪರದೆಯ ಮೇಲೆ ಹರಟಿದವರೆಲ್ಲ ಆಗಾಗ ಒಂದೆಡೆ ಸೇರಿ ಉಂಡು ಮಾತಾಡುವ ಪದ್ಧತಿ ಅಲ್ಲಿ ಬೆಳೆಯಿತು. ಒಬ್ಬೊಬ್ಬರೇ ಹೋಗಿ ಅಪರಿಚಿತರನ್ನು ಕಾಣುವುದಕ್ಕಿಂತ ಹತ್ತು ಜನರ ನಡುವೆ ಕಾಣುವುದು ಜಾಣತನ.

ತಂತಿಯ ಇನ್ನೊಂದು ಸಂತಾನ ಹವ್ಯಾಸಿ ರೇಡಿಯೊ. ಇದರವರನ್ನು ಲೋಕವೆಲ್ಲ ‘ಹ್ಯಾಮ್’ಗಳೆಂದು ಕರೆಯುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ, ಜೋರ್ಡಾನಿನ ದೊರೆ ಹುಸೇನ್ ಇಬ್ಬರೂ ಹ್ಯಾಮ್‌ಗಳು. ವಿದಾಯಕ್ಕೆ ‘73’ ಎನ್ನುವ ಇವರ ರೂಢಿ ಹಳೆಯ ತಂತಿ ಆಪರೇಟರ್‌ಗಳದ್ದೇ. ಗಾಳಿಯಲ್ಲಿ ಮಾತಾಡಿದವರು ಎದುರುಬದುರು ಸಿಕ್ಕರೆ ಅದಕ್ಕೆ ‘ಐಬಾಲ್’ ಎಂಬ ಹೆಸರಿದೆ. ವ್ಯಾಪಾರದ ಮಾತಿಗೆ ಇಲ್ಲಿ ಅವಕಾಶವಿಲ್ಲ. ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರೇ ಎಲ್ಲರೂ, ಹೀಗಾಗಿ ಸುಳ್ಳು ಹೆಸರಿನ ಕಾಟವೂ ಕಡಿಮೆ. ಇವರ ಪ್ರವಾಸದ ಹುಚ್ಚಿಗೂ ಒಂದು ವಿಶೇಷವಿದೆ. ರೇಡಿಯೊ ಸಿಗದ ದ್ವೀಪಗಳಿಗೆ ಉಪಕರಣ ಹೊತ್ತು ಹೋಗಿ, ಲೋಕದ ಹ್ಯಾಮ್‌ಗಳೊಡನೆ ಅಲ್ಲಿಂದ ಮಾತಾಡುವುದು. 2004ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡ ಹೀಗೆಯೇ ಅಂಡಮಾನಿಗೆ ಹೋಗಿತ್ತು. 26ರಂದು ಸುನಾಮಿ ಬಂತು. ಹವ್ಯಾಸಕ್ಕೆ ಒಯ್ದ ರೇಡಿಯೊ, ಸಂಪರ್ಕ ಕಡಿದ ದ್ವೀಪಗಳ ಸುದ್ದಿ ಹೊರಮುಟ್ಟಿಸುವ ದಾರಿಯಾಯಿತು. 2006ರಲ್ಲಿ ಅದೇ ಪೋರ್ಟ್ ಬ್ಲೇರ್‌ಗೆ ದೇಶವಿದೇಶಗಳ ಹ್ಯಾಮ್‌ಗಳು ಬಂದು ಸೇರಿದರು. ಬರೀ ದನಿಯಾಗಿದ್ದವರಿಗೆ ಮುಖ ಬಂತು.

ನಮ್ಮಲ್ಲಿ ಈ ಜಾಗವನ್ನು ಬಹುಕಾಲ ತುಂಬಿದ್ದು ಪತ್ರಮೈತ್ರಿ. ಕನ್ನಡದ ನಿಯತಕಾಲಿಕೆಗಳು ಹೆಸರು, ವಯಸ್ಸು, ವಿಳಾಸ, ‘ಹವ್ಯಾಸ: ಅಂಚೆಚೀಟಿ ಸಂಗ್ರಹ, ಓದು’ ಎಂದು ಅಚ್ಚು ಹಾಕುತ್ತಿದ್ದವು. ನೀಲಿ ಇನ್‌ಲ್ಯಾಂಡ್ ಪತ್ರದಲ್ಲಿ ಅಷ್ಟೇ ಜಾಗ, ಅಷ್ಟೇ ಮಾತು. ಭೇಟಿಗೆ ಹೊರಡುವಾಗ ಇಂಥ ಬಣ್ಣದ ಅಂಗಿ ಹಾಕಿರುತ್ತೇನೆ ಎಂದು ಮೊದಲೇ ಬರೆಯಬೇಕು. ಮುಖ ನೋಡದ ಪ್ರೇಮಿಗಳ ಕಥೆಯಾದ ತಮಿಳಿನ ‘ಕಾದಲ್ ಕೋಟ್ಟೈ’ (1996) ಚಿತ್ರದಲ್ಲೂ ನಾಯಕಿ ಕೈಯಾರೆ ಮಾಡಿ ಕಳಿಸಿದ ಉಡುಪೇ ಕೊನೆಗೆ ರೈಲು ನಿಲ್ದಾಣದಲ್ಲಿ ಗುರುತಾಗುತ್ತದೆ. ರವಿಚಂದ್ರನ್ ಅಭಿನಯದ ‘ಯಾರೇ ನೀನು ಚೆಲುವೆ’ (1998) ಅದರ ಕನ್ನಡ ರೂಪ. ಸಾರ್ವಜನಿಕರಿಗೆ ಇಂಟರ್‌ನೆಟ್ ಭಾರತಕ್ಕೆ ಬಂದದ್ದು 1995ರ ಆಗಸ್ಟ್ 15ರಂದು. ಅಂದರೆ ಹಳೆಯ ಪತ್ರಪ್ರೇಮ ತೆರೆಯ ಮೇಲೆ ಗೆಲ್ಲುತ್ತಿದ್ದ ಹೊತ್ತಿಗೆ ಅದರ ಉತ್ತರಾಧಿಕಾರಿ ಬಾಗಿಲಲ್ಲಿ ನಿಂತಾಗಿತ್ತು.

ಇಷ್ಟೆಲ್ಲದರ ನಡುವೆ ಮೋಸದ ಮಾತೇ ಹೆಚ್ಚು ಪ್ರಚಾರ ಪಡೆಯುತ್ತದೆ. ಅದಕ್ಕಿಂತ ಸಾಮಾನ್ಯವಾದ ಇನ್ನೊಂದು ನಷ್ಟವಿದೆ. ಹೋಗೋಣ, ಹೋಗೋಣ ಎಂದು ಮುಂದೂಡುವುದು.

ನ್ಯೂಯಾರ್ಕಿನ ಬಡ ಲೇಖಕಿ ಹೆಲೀನ್ ಹಾಂಫ್ 1949ರ ಅಕ್ಟೋಬರ್‌ನಲ್ಲಿ ಲಂಡನ್ನಿನ 84, ಚೇರಿಂಗ್ ಕ್ರಾಸ್ ರಸ್ತೆಯ ‘ಮಾರ್ಕ್ಸ್ ಅಂಡ್ ಕೋ’ ಎಂಬ ಹಳೆ ಪುಸ್ತಕದ ಅಂಗಡಿಗೆ ತಮಗೆ ಬೇಕಾದ ಪುಸ್ತಕಗಳ ಪಟ್ಟಿ ಕಳಿಸಿದರು. ಉತ್ತರ ಬರೆದವರು ಅಂಗಡಿಯ ನೌಕರ ಫ್ರಾಂಕ್ ಡೋಯಲ್. ಆಕೆ ಬಾಯಿಬಡುಕಿ, ಜಗಳಗಂಟಿ, ತಮಾಷೆಯವರು. ಅವರು ಮಿತಭಾಷಿ, ಮರ್ಯಾದೆಯ ಮನುಷ್ಯ. ಯುದ್ಧ ಮುಗಿದು ನಾಲ್ಕು ವರ್ಷವಾಗಿದ್ದರೂ ಬ್ರಿಟನ್‌ನಲ್ಲಿ ಆಹಾರಕ್ಕೆ ರೇಷನ್ ಇತ್ತು. ಅದು ಪೂರ್ತಿ ತೆರವಾದದ್ದು 1954ರಲ್ಲಿ. ಇದನ್ನು ತಿಳಿದ ಹಾಂಫ್ ಮೊಟ್ಟೆ, ಮಾಂಸದ ಪೊಟ್ಟಣಗಳನ್ನು ಅಂಗಡಿಯವರಿಗೆಲ್ಲ ಕಳಿಸತೊಡಗಿದರು. ಅಂಗಡಿಯ ಇತರರೂ, ಡೋಯಲ್ ಅವರ ಪತ್ನಿ ನೋರಾ ಕೂಡ ಆಕೆಗೆ ಬರೆಯಲಾರಂಭಿಸಿದರು. ಬನ್ನಿ, ಮನೆಯಲ್ಲೇ ಉಳಿಯಿರಿ ಎಂಬ ಆಹ್ವಾನ ಹೋಯಿತು. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಹೊತ್ತಿಗೆ ಹೋಗುವುದೆಂದು ಹಾಂಫ್ ಹಣ ಕೂಡಿಸುತ್ತಿದ್ದರು. ಅದು ಹಲ್ಲಿನ ವೈದ್ಯರ ಪಾಲಾಯಿತು. ಆಮೇಲೆ ಮನೆ ಬದಲಿಸುವ ಖರ್ಚು, ಆಮೇಲೆ ಕೆಲಸವಿಲ್ಲದ ದಿನಗಳು. ಹೀಗೆ ಇಪ್ಪತ್ತು ವರ್ಷ ಕಳೆಯಿತು.

1969ರ ಜನವರಿಯಲ್ಲಿ ಅಂಗಡಿಯಿಂದ ಬಂದ ಪತ್ರ ಡೋಯಲ್ ಅವರದ್ದಾಗಿರಲಿಲ್ಲ. ಅಪೆಂಡಿಕ್ಸ್ ಒಡೆದು ಅವರು ಹಿಂದಿನ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. ದುಃಖದಲ್ಲಿ ಹಾಂಫ್ ಆ ಪತ್ರಗಳನ್ನೇ ಪುಸ್ತಕವಾಗಿಸಿ 1970ರಲ್ಲಿ ಅಂಗಡಿಯ ವಿಳಾಸವನ್ನೇ ಹೆಸರಾಗಿಟ್ಟು ಪ್ರಕಟಿಸಿದರು. ಬರೆದದ್ದೆಲ್ಲ ಸೋತಿದ್ದ ಲೇಖಕಿಗೆ ಹೆಸರು ತಂದದ್ದು ಇದೊಂದೇ. ಇಂಗ್ಲಿಷ್ ಪ್ರಕಾಶಕರು ಆಕೆಯನ್ನು 1971ರ ಜೂನ್‌ನಲ್ಲಿ ಲಂಡನ್ನಿಗೆ ಕರೆಸಿಕೊಂಡರು. ಗೆಳೆಯನ ಪತ್ರಗಳೇ ಗೆಳೆಯನ ಊರಿಗೆ ದಾರಿಖರ್ಚಾದವು. ಅಲ್ಲಿ ನೋರಾ ಮತ್ತು ಮಗಳು ಶೀಲಾ ಆಕೆಯನ್ನು ಬರಮಾಡಿಕೊಂಡರು. ಚೇರಿಂಗ್ ಕ್ರಾಸ್ ರಸ್ತೆಯ ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು. ಕಪಾಟುಗಳು ಖಾಲಿಯಾಗಿದ್ದ ಆ ಕೋಣೆಗಳಲ್ಲಿ ಹಾಂಫ್ ಒಂದಷ್ಟು ಹೊತ್ತು ಓಡಾಡಿ ಹೊರಬಂದರು.