ಮನೋರೋಗ ಆಸ್ಪತ್ರೆಯಲ್ಲಿ ಒಳರೋಗಿಯಾಗಿ: ಮಾಧವರಂ ಕನ್ನಡಿಗರು ತಿಳಿದಿರಬೇಕಾದದ್ದು

‘ಕೆಲವು ದಿನ ಅಡ್ಮಿಟ್ ಆಗುವುದು ಒಳ್ಳೆಯದು’ ಎಂದು ಮನೋವೈದ್ಯರು ಹೇಳಿದರೆ ಹೆದರಿಕೆಯಾಗುವುದು ಸಹಜ. ಸಿನಿಮಾದಲ್ಲಿ ಕಂಡ ಸರಪಳಿ, ಕತ್ತಲೆ ಕೋಣೆ ಕಣ್ಣ ಮುಂದೆ ಬರುತ್ತವೆ. ಚೆನ್ನೈನ ಮಾಧವರಂನಲ್ಲಿ ನೆಲೆಸಿರುವ ಕನ್ನಡ ಮನೆಗಳಲ್ಲಿ ಇನ್ನೂ ಒಂದು ಅಳುಕು ಇರುತ್ತದೆ: ‘ವಾರ್ಡಿನಲ್ಲಿ ಎಲ್ಲರೂ ತಮಿಳು ಮಾತಾಡುತ್ತಾರೆ. ನನ್ನ ಒಳಗಿನದನ್ನು ಹೇಗೆ ಹೇಳಲಿ?’

ನಿಮಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪಡೆಯುವುದು ನಿಮ್ಮ ಕಾನೂನುಬದ್ಧ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಹೀಗೆಯೇ ಬರೆದಿದೆ.

ಹತ್ತಿರದ ಆಸ್ಪತ್ರೆ

ಮಾಧವರಂನಿಂದ ಪೆರಂಬೂರು ದಾಟಿ ಮುಂದೆ ಹೋದರೆ ಕೀಲ್ಪಾಕ್‌ನ ಸರ್ಕಾರಿ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಸಿಗುತ್ತದೆ. 1871ರಿಂದ ಈ ಆಸ್ಪತ್ರೆ ಅಲ್ಲಿದೆ. ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮನೋವೈದ್ಯಶಾಸ್ತ್ರದ ತರಬೇತಿ ಪಡೆದ ಡಾ. ಶಾರದಾ ಮೆನನ್ ಬಹಳ ವರ್ಷ ಇದರ ಮುಖ್ಯಸ್ಥೆಯಾಗಿದ್ದರು.

ದಾಖಲಾಗುವ ಎರಡು ದಾರಿ

• ಸ್ವಂತ ಒಪ್ಪಿಗೆಯಿಂದ: ನೀವೇ ಕೇಳಿ ಸೇರುತ್ತೀರಿ. ಮನೆಗೆ ಹೋಗುತ್ತೇನೆ ಎಂದರೆ ಬಿಡಬೇಕು. ಅಪಾಯದ ಅನುಮಾನವಿದ್ದರೆ ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು.
• ಬೆಂಬಲಿತ ದಾಖಲಾತಿ: ರೋಗಿಗೆ ನಿರ್ಧಾರ ತೆಗೆದುಕೊಳ್ಳಲು ಹೆಚ್ಚಿನ ನೆರವು ಬೇಕಿದ್ದು, ತನಗೋ ಇತರರಿಗೋ ಅಪಾಯವಿದ್ದಾಗ ಅಥವಾ ತನ್ನ ಆರೈಕೆ ತಾನು ಮಾಡಿಕೊಳ್ಳಲಾಗದಿದ್ದಾಗ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡುತ್ತಾರೆ. ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೊದಲ ಅವಧಿ ಗರಿಷ್ಠ 30 ದಿನ. ಇದನ್ನು ಪ್ರಶ್ನಿಸಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದು.

ಪ್ರತಿನಿಧಿ ಯಾರಾಗಬೇಕೆಂದು ಆರೋಗ್ಯವಾಗಿರುವಾಗಲೇ ಬರೆದಿಡಿ. ಕನ್ನಡ, ತಮಿಳು ಎರಡೂ ಬಲ್ಲವರಾದರೆ ಇನ್ನೂ ಅನುಕೂಲ.

ವಾರ್ಡಿನ ದಿನಚರಿ

ಮೊದಲ ದಿನ ಸಾಮಾನುಗಳ ತಪಾಸಣೆ ನಡೆಯುತ್ತದೆ. ಬ್ಲೇಡು, ಬೆಲ್ಟು, ಉದ್ದದ ದಾರದಂಥವನ್ನು ತೆಗೆದಿಡುತ್ತಾರೆ. ಇದು ಅವಮಾನವಲ್ಲ, ಎಲ್ಲರ ಸುರಕ್ಷತೆಯ ಕ್ರಮ. ನಂತರದ ದಿನಗಳು ಹೆಚ್ಚುಕಡಿಮೆ ಒಂದೇ ರೀತಿ ಸಾಗುತ್ತವೆ: ಊಟ, ಮಾತ್ರೆ, ವೈದ್ಯರ ಭೇಟಿ, ಒಂದಿಷ್ಟು ಚಟುವಟಿಕೆ, ನಿದ್ದೆ. ಬೇಸರ ಬರುತ್ತದೆ. ಒಂದೆರಡು ಕನ್ನಡ ಪುಸ್ತಕ ಜೊತೆಗಿರಲಿ.

ಆಸ್ಪತ್ರೆಯ ಸಮವಸ್ತ್ರ ತೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ತಲೆ ಬೋಳಿಸುವಂತೆ ಬಲವಂತ ಮಾಡುವಂತಿಲ್ಲ. ಸರಪಳಿ ಹಾಕುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ನಿಷಿದ್ಧ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವಂತಿಲ್ಲ. ಆಸ್ಪತ್ರೆಯ ನಿಯಮಕ್ಕೊಳಪಟ್ಟು ಫೋನ್ ಮಾಡಬಹುದು. ಭೇಟಿಗೆ ಬಂದವರನ್ನು ನೋಡುವುದಿಲ್ಲ ಎನ್ನಲೂಬಹುದು.

ಮಾತ್ರೆ ಮತ್ತು ಮಾತು

ನರ್ಸ್ ಎದುರಿನಲ್ಲೇ ಮಾತ್ರೆ ನುಂಗಲು ಹೇಳುತ್ತಾರೆ. ಯಾವ ಮಾತ್ರೆ, ಏಕೆ, ಅಡ್ಡಪರಿಣಾಮವೇನು ಎಂದು ಕೇಳಿ. ಭಾಷೆ ಅಡ್ಡ ಬಂದರೆ ಹೆಚ್ಚು ತೊಂದರೆಯಾಗುವುದು ಇಲ್ಲಿಯೇ.

ಒಂದು ಉದಾಹರಣೆ ನೋಡಿ. ಹಾಲೊಪೆರಿಡಾಲ್‌ನಂಥ ಔಷಧಗಳಿಂದ ಕೆಲವರಿಗೆ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಶುರುವಾಗುತ್ತದೆ. ಅದನ್ನು ಮಾತಿನಲ್ಲಿ ವಿವರಿಸದಿದ್ದರೆ ‘ಕಾಯಿಲೆ ಜಾಸ್ತಿಯಾಗಿದೆ’ ಎಂದು ತಿಳಿದು ಅದೇ ಔಷಧದ ಪ್ರಮಾಣ ಹೆಚ್ಚಿಸುವ ಸಾಧ್ಯತೆ ಇದೆ. ಹಾಗೆ ಮಾಡಿದರೆ ಚಡಪಡಿಕೆ ಇನ್ನೂ ಹೆಚ್ಚುತ್ತದೆ. ‘ಈ ಮಾತ್ರೆ ಶುರುವಾದ ಮೇಲೆ ಕಾಲು ಸುಮ್ಮನಿರುತ್ತಿಲ್ಲ’ ಎಂಬ ಒಂದು ವಾಕ್ಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಹುದು. ತಮಿಳು ಬರೆಯಬಲ್ಲವರಿಂದ ಅದನ್ನು ಚೀಟಿಯಲ್ಲಿ ಬರೆಸಿ ಕೊಡಿ.

ತಕ್ಷಣ ಹೇಳಬೇಕಾದವು:

• ಕುತ್ತಿಗೆ, ನಾಲಿಗೆ, ಕಣ್ಣು ಒಂದು ಕಡೆಗೆ ಎಳೆದುಕೊಳ್ಳುವುದು
• ಜ್ವರದೊಂದಿಗೆ ಮೈ ಮರದಂತೆ ಸೆಟೆದುಕೊಳ್ಳುವುದು
• ಲಿಥಿಯಂ ತೆಗೆದುಕೊಳ್ಳುವವರಿಗೆ ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು
• ಕ್ಲೋಜಪೀನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು, ತೀವ್ರ ಮಲಬದ್ಧತೆ

ಲಿಥಿಯಂ ಪ್ರಮಾಣ ತಿಳಿಯಲು ಕೊನೆಯ ಮಾತ್ರೆಯಾಗಿ ಸುಮಾರು 12 ಗಂಟೆಯ ನಂತರ ರಕ್ತ ತೆಗೆಯುತ್ತಾರೆ. ಅಂದು ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ.

ಆರೈಕೆ ಮಾಡುವವರಿಗೆ

ರೋಗಿ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳನ್ನೂ ಚೀಟಿ ಸಮೇತ ಒಯ್ಯಿರಿ; ಬಿಪಿ ಮಾತ್ರೆ, ನೋವಿನ ಮಾತ್ರೆ, ಆಯುರ್ವೇದದ ಔಷಧ ಯಾವುದನ್ನೂ ಬಿಡಬೇಡಿ. ಕೆಲವು ಬಿಪಿ ಮತ್ತು ನೋವಿನ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ರೋಗಿಯ ಪರವಾಗಿ ಅನುವಾದಿಸುವಾಗ ಅವರು ಹೇಳಿದ್ದನ್ನೇ ಹೇಳಿ. ನಿಮ್ಮ ಅಭಿಪ್ರಾಯವನ್ನು ಬೇರೆಯಾಗಿ ತಿಳಿಸಿ. ಮನೆಯವರ ಮುಂದೆ ಹೇಳಲಾಗದ ವಿಷಯವೂ ಇರುತ್ತದೆ. ಬೇರೊಬ್ಬ ಅನುವಾದಕರನ್ನು ಕೇಳಿದರೆ ಬೇಸರಪಡಬೇಡಿ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದ ಮೊದಲ ಕೆಲವು ವಾರಗಳು ಬಹಳ ಸೂಕ್ಷ್ಮ. ಆತ್ಮಹತ್ಯೆಯ ಅಪಾಯ ಈ ಅವಧಿಯಲ್ಲಿ ಹೆಚ್ಚು. ಮಾತ್ರೆಗಳನ್ನು ಮನೆಯವರೊಬ್ಬರು ಎತ್ತಿಟ್ಟು ದಿನದ ಲೆಕ್ಕದಲ್ಲಿ ಕೊಡಲಿ. ‘ಈಗ ಚೆನ್ನಾಗಿದ್ದೇನೆ’ ಎಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ. ಮುಂದಿನ ಭೇಟಿಯ ದಿನಾಂಕ ಕೇಳಿಕೊಂಡೇ ಆಸ್ಪತ್ರೆಯಿಂದ ಹೊರಡಿ.

ಸಾಯುವ ಯೋಚನೆ ಬಂದರೆ ಒಂಟಿಯಾಗಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.